ಉಸುಕಿಗೆ ಬಿತ್ತಿದ ಬಂಗಾರ

ಧುಪದಾಳದ ಒಡ್ಡಿನ ಕೆಳಗೆ ಘಟಪ್ರಭೆಯು ಮಾಘಮಾಸದಲ್ಲಿ ಕೃಶಾಂಗಿಯಾಗಿ, ವಿರಹಿಣಿಯ ಕಣ್ಣಂಚಿನ ಹನಿಯಂತೆ ಬಂಡೆಯಿಂದ ಬಂಡೆಗೆ ಜಾರುತ್ತಿದ್ದಾಗ, ಅಸ್ತಮಾನದ ರವಿಯು ತನ್ನ ಕಿರಣಭಂಡಾರವನ್ನೆಲ್ಲ ಆ ಉಸುಕಿನ ಮೇಲೆ ಸುರಿದುಬಿಡುತ್ತಿದ್ದ... ರಸಿಕ ವಾಚಕರೇ, ಸಾವಿರದ ಒಂಬೈನೂರ ಏಳರ ಆ ಹೊಂಬೆಳಕನ್ನು ಕಂಡು ದೇವೇಂದ್ರನು ಅಮರಾವತಿಗೆ ಬೀಗ ಜಡಿದು ಇಲ್ಲಿಗೇ ಬಿಡಾರ ತರಲು ಹವಣಿಸಿದ್ದನೆಂದರೆ ನೀವು ನಂಬಲೇಬೇಕು!

ಆ ಬೆಳಕಿನ ನಡುವೆ, ಮೊಳಕಾಲು ನೀರಿನಲ್ಲಿ ನಿಂತು ಮರದ ಮರಿಗೆಯಲ್ಲಿ ಉಸುಕು ತೊಳೆಯುತ್ತಿದ್ದವನು ಖಂಡೆಪ್ಪ. ಹೊಳೆಯ ಮಳಲಿನಿಂದ ಚಿನ್ನದ ಕಣ ಸೋಸುವ ಜಾಲಗಾರರ ಮನೆತನದವನು. ಏಳು ತಲೆಮಾರು ತೊಳೆದು ತೊಳೆದು ಅರ್ಧ ಸಹ್ಯಾದ್ರಿಯನ್ನೇ ಸವೆಸಿದ್ದರೂ ಅವರಿಗೆ ದಕ್ಕಿದ ಬಂಗಾರವನ್ನು ಒಂದು ನೊಣ ಹೊತ್ತುಕೊಂಡು ಹಾರಬಹುದಿತ್ತು!

ದಡದಲ್ಲಿ ಕುಳಿತವಳು ಭರಮವ್ವ. ಅವನ ಸೋದರಮಾವನ ಮಗಳು, ಅವನಿಗೆಂದೇ ನಿಶ್ಚಯವಾದವಳು.

“ಶಿವರಾತ್ರಿ ತನಕಾ ನೋಡ್ತೇನಿ ಭರಮಿ. ಕಣ ಕಾಣ್ಲಿಲ್ಲಂದ್ರ ಕೋಲಾರದ ಗಣಿಗೆ ಹೊಂಟೆ. ಅಲ್ಲಿ ಗ್ವಾಡಿಯೆಲ್ಲಾ ಬಂಗಾರಂತ!”

“ನಿಮ್ಮಣ್ಣನೂ ಹಂಗ ಅಂದು ಹೋದ, ಮಾಂವ. ಅವನ ಅಂಗಿ ಅಷ್ಟ ತಿರುಗಿ ಬಂತು.”

ಖಂಡೆಪ್ಪ ಮರಿಗೆಯನ್ನು ತಿರುಗಿಸುತ್ತಲೇ ಇದ್ದ.

ಮರುದಿನ ಮುಂಜಾನೆ ಭರಮವ್ವ, ತೀರಿಹೋದ ತಾಯಿಯ ತಾಳಿಯಿಂದ ಉಳಿದಿದ್ದ ಏಕೈಕ ಚಿನ್ನದ ಗುಂಡನ್ನು ಕುಡುಗೋಲಿನ ಸಾಣೆಕಲ್ಲಿಗೆ ತಿಕ್ಕಿದಳು. ಉದುರಿದ ಹೊನ್ನಧೂಳಿಯನ್ನು ಔಡಲದ ಎಲೆಯಲ್ಲಿ ಕಟ್ಟಿ, ಅವನು ಅಗೆಯುವ ಜಾಗದಲ್ಲಿ ಬಿತ್ತಿದಳು... ಬಂಗಾರವನ್ನಲ್ಲ, ತನ್ನ ಪ್ರಾಣವನ್ನು!

ಬಿಸಿಲೇರುವ ಹೊತ್ತಿಗೆ ಮರಿಗೆಯಲ್ಲಿ ಕಣ ಕಂಡು ಖಂಡೆಪ್ಪ ಕೂಗಿದ ಕೂಗಿಗೆ ಗೋಕಾಕದ ಜಲಪಾತವು ಧುಮ್ಮಿಕ್ಕುವುದನ್ನು ಮರೆತು ಒಂದು ಗಳಿಗೆ ಅಂತರಿಕ್ಷದಲ್ಲಿಯೇ ನಿಂತಿತು! ಮೂರೇ ದಿನಗಳಲ್ಲಿ ಮೂಡಲಗಿ, ಹುಕ್ಕೇರಿ, ನಾಗನೂರ, ಯಮಕನಮರಡಿಗಳೆಲ್ಲ ಬರಿದಾಗಿ ಹೊಳೆಗೆ ಹರಿದುಬಂದವು. ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆ, ಜರಡಿ, ಮಗುವಿನ ತೊಟ್ಟಿಲು ಕೂಡ ಉಸುಕು ತೊಳೆದವು. ಒಬ್ಬ ಮದುಮಗನಂತೂ ಬಾಸಿಂಗ ಕಟ್ಟಿಕೊಂಡೇ ನೀರಿಗಿಳಿದ!

ಜಾಲಗಾರರ ಹಿರಿಯಳಾದ ಮುದಕವ್ವ ಮಾತ್ರ ಆ ಕಣವನ್ನು ಅಂಗೈಯಲ್ಲಿಟ್ಟು ನೋಡಿದಳು. “ಹೊಳಿ ಬಂಗಾರ ಅಗಸಿ ಕಾಳಿನಂಗ ಚಪ್ಪಟಿ, ನುಣ್ಣಗ ಇರತೈತಿ. ಇದು ತಿಕ್ಕಿದ್ದು. ಯಾರ ಕೊರಳು ಬರಿದಾತೋ, ಯವ್ವಾ!”

“ಆಯಿ, ನಿನ್ನ ಕಣ್ಣೂ ಒಂದ್ಸಲ ಮರಿಗ್ಯಾಗ ಹಾಕಿ ತೊಳೀಲೇನ?” ಎಂದ ಖಂಡೆಪ್ಪ. ಹೊಳೆಗೆ ಹೊಳೆಯೇ ನಕ್ಕಿತು.

ಭರಮವ್ವನ ತುಟಿ ಬಿಚ್ಚಿತು, ಮುಚ್ಚಿತು. ನಿಜವಾಡಿದರೆ ಇಂದೇ ಅವನು ಕೋಲಾರದ ರೈಲು ಹತ್ತುವನು! ವಾರಕ್ಕೊಮ್ಮೆ ಗುಂಡು ಸಾಣೆಗೆ ಸವೆಯುತ್ತ ಹೋಯಿತು.

ಯುಗಾದಿಯ ಹೊತ್ತಿಗೆ ಬರಿಗೈಯ ಜನಸಾಗರ ಶಪಿಸುತ್ತ ಹಿಂದಿರುಗಿತು. ಗುಂಡೂ ಮುಗಿದಿತ್ತು. ಆಗೊಂದು ಸಂಜೆ ಖಂಡೆಪ್ಪ ಅವಳ ಅಂಗೈಯಲ್ಲಿ ಏನನ್ನೋ ಇಟ್ಟ. ಸಿಕ್ಕ ಕಣಗಳನ್ನೆಲ್ಲ ಗೋಕಾಕದ ಪತ್ತಾರನಲ್ಲಿ ಕರಗಿಸಿ ಮಾಡಿಸಿದ ಗುಂಡು! ಕಡಲೆಯಷ್ಟಿದ್ದುದು ಜೋಳದ ಕಾಳಷ್ಟಾಗಿ ತಿರುಗಿ ಬಂದಿತ್ತು.

“ತಾಳಿಗೆ ಎರಡ ಗುಂಡ ಬೇಕಲ್ಲ? ಇನ್ನೊಂದಕ್ಕ ಹೊಳಿ ದಂಡಿ ಬುಡಕ್ಕ ಹೊಕ್ಕು ಅಗಿಯಾಕತ್ತೇನಿ. ಈಗ ಕೋಲಾರ ಯಾರಿಗೆ ಬೇಕ?”

“ಮಾಂವ, ಇದು ನಮ್ಮವ್ವನ...”

“ಆಶೀರ್ವಾದ! ಖರೆ ಐತಿ!” ಎಂದು ಅವನು ಮಾತನ್ನು ತಾನೇ ಪೂರೈಸಿದ. ಏಳು ತಲೆಮಾರು ಕಾಣದ ಬೆಳಕು ಆ ಮುಖದಲ್ಲಿತ್ತು. ಅದನ್ನು ಆರಿಸುವ ಉಸಿರು ಅವಳಲ್ಲಿರಲಿಲ್ಲ.

ವೈಶಾಖದ ಮೊದಲ ಅಡ್ಡಮಳೆಗೆ ಬುಡ ಟೊಳ್ಳಾಗಿದ್ದ ದಂಡೆ ಕುಸಿಯಿತು. ಮಣ್ಣು ಸರಿಸಿದಾಗ ಖಂಡೆಪ್ಪನ ಎರಡೂ ಕೈಗಳು ಮರಿಗೆಯನ್ನು ಅಪ್ಪಿಕೊಂಡಿದ್ದವು. ಯಾವ ಗಣಿಗೆ ಅಂಜಿದ್ದಳೋ ಆ ಗಣಿಯನ್ನು ಭರಮವ್ವ ತಾನೇ ಅವನ ಕಾಲಡಿಗೆ ತಂದಿದ್ದಳು... ಅವಳ ಮುಷ್ಟಿ ಬಿಡಿಸಿ ಗುಂಡನ್ನು ಕಂಡ ಮುದಕವ್ವ, ಈ ಸಲ ಏನೂ ಅನ್ನದೆ, ಆ ಮುಷ್ಟಿಯನ್ನು ಮತ್ತೆ ಮೆಲ್ಲಗೆ ಮುಚ್ಚಿದಳು.

ವಾಚಕರೇ, ಜಲಪಾತವನ್ನು ನಿಲ್ಲಿಸಬಲ್ಲ ಈ ಲೇಖನಿಗೆ ಆ ಜೋಳದ ಕಾಳಿನ ಭಾರವನ್ನು ಹಿಗ್ಗಿಸಿ ಹೇಳಲು ಬರಲಿಲ್ಲ. ಒಲಿದವನನ್ನು ಉಳಿಸಿಕೊಳ್ಳಲು ಹೃದಯವು ತನ್ನನ್ನೇ ತೇಯ್ದು ಆಸೆಯಾಗಿ ಬಿತ್ತುತ್ತದೆ. ಆ ಆಸೆಯು ಅವನನ್ನು ಎಷ್ಟು ಆಳಕ್ಕೆ ಕರೆದೊಯ್ಯುವುದೆಂಬುದು ಅದಕ್ಕೆ ತಿಳಿಯುವುದು, ಅಯ್ಯೋ, ಮಳೆ ಬಿದ್ದ ಮೇಲೆ...