ಹೆಸರಿಲ್ಲದವರ ಎಲೆ

ಕೋಳಿಸಾರಿನ ಘಮ ಮಾಸ್ಕನ್ನೂ ದಾಟಿ ಬಂತು, ಅಂದರೆ ಒಳಗೆ ಹಿರಿಯರ ಎಲೆಗಳಿಗೆ ಬಡಿಸಿ ಆಯಿತು, ಇನ್ನು ಬಾಗಿಲು ಮುಚ್ಚುತ್ತಾರೆ, ತೀರಿಕೊಂಡವರು ಉಣ್ಣುವಾಗ ಬದುಕಿದವರು ನೋಡಬಾರದು, ಮುಚ್ಚಿದರು, ನಾನು ಜಗಲಿಯಲ್ಲಿ ಎಲ್ಲರಿಂದ ದೂರ, ತೊಡೆಯ ಮೇಲೆ ಮೊಬೈಲ್, ಎದೆಯೊಳಗೆ ಯಾರದೋ ಹೃದಯ — ನನ್ನದನ್ನು ತೆಗೆದು ಇದನ್ನು ಇಡುವವರೆಗೆ ಎದೆ ಖಾಲಿ ಇತ್ತಂತೆ, ಯಂತ್ರ ನನ್ನನ್ನು ಬದುಕಿಸಿತ್ತಂತೆ, ಆಗ ನಾನು ಎಲ್ಲಿದ್ದೆ, ರಕ್ತ ಬಿಟ್ಟದ್ದೇ ಇದು ತಾನಾಗಿ ಬಡಿಯತೊಡಗಿತಂತೆ, ಊರು ಬದಲಾದದ್ದು ಗೊತ್ತೇ ಇಲ್ಲದ ಹಾಗೆ. ದೇಹ ಇದನ್ನು ಇಟ್ಟುಕೊಳ್ಳುತ್ತದೋ ಹೊರದಬ್ಬುತ್ತದೋ, ಡಾಕ್ಟರ್ ನಶೀದಾ ಇವತ್ತು ಹೇಳುತ್ತಾರೆ, ಕಲ್ಲಂಗಡಿಯವನು ತ್ರಿಕೋನ ಕೊರೆದು ತೋರಿಸುವ ಹಾಗೆ ಹೃದಯದ ಚೂರು ಚಿವುಟಿ ತೆಗೆದಿದ್ದಾರೆ, ಹೋದ ಸಲ ಸ್ವಲ್ಪ ತಕರಾರು ಉಂಟು ಅಂದಿದ್ದರು, ಮಾತ್ರೆ ಹೆಚ್ಚಾಯಿತು, ಮಣ್ಣು ಮುಟ್ಟಬೇಡಿ, ನಾಯಿಯನ್ನು ಮುದ್ದಿಸಬೇಡಿ, ಪಾಪ, ನಾಯಿಯ ಲೆಕ್ಕದಲ್ಲಿ ನಾನು ತೀರಿಕೊಂಡವನೇ. ಬೆಳಿಗ್ಗೆ ಎಲೆ ಒಂದು ಹೆಚ್ಚು ಹಾಕು ಅಂದದ್ದು ನಾನೇ, ಹೆಂಡತಿ ಶೀಲಾವತಿ ಈರುಳ್ಳಿ ಹೆಚ್ಚುವುದು ನಿಲ್ಲಿಸಿದಳು, ಯಾರಿಗೆ? ಇವರಿಗೆ, ಎದೆ ತೋರಿಸಿದೆ. ಹೆಸರೆಂತ? ಆಸ್ಪತ್ರೆಯವರು ಹೇಳುವುದಿಲ್ಲ, ಗಂಡಸೋ ಹೆಂಗಸೋ ಅದೂ. ಹೆಸರಿಲ್ಲದೆ ಕರೆಯುದು ಹೇಗೆ, ಭಟ್ರಾಗಿದ್ರೆ? ಕೋಳಿ ಕಂಡು ಓಡಿಯಾರು, ನಿಮ್ಮ ಹೃದಯ ಸಮೇತ! ನಕ್ಕವಳು ಕಣ್ಣೊರೆಸಿಕೊಂಡಳು, ಈರುಳ್ಳಿ ಖಾರವಂತೆ. ಬೇಲಿಯಾಚೆಯಿಂದ ಮೀನಿನ ಟೆಂಪೋದ ರವೂಫ್, ನಮ್ಮವನಾಗಿದ್ರೆ ಎಂತ ಮಾಡ್ತಿ ಮಾರಾಯ, ಬೆಲ್ಲ ನೀರು ಇಡು, ಅದು ಬೇಡ ಅನ್ನುವವ ಈ ಕಲ್ಲುಗುಂಡಿ ಊರಲ್ಲಿ ಯಾರುಂಟು? ಹಾಗೆ ಕಡೆಯ ಎಲೆಯಲ್ಲಿ ತುಂಡು ಬೆಲ್ಲ, ಪಕ್ಕದಲ್ಲಿ ಚೊಂಬು ನೀರು, ದಣಿದು ಮನೆಗೆ ಬಂದವರಿಗೆ ಕೊಡುವಂಥದ್ದು, ಎಷ್ಟು ದೂರದಿಂದ ಬರಬೇಕೋ, ಕುಡಿಯುತ್ತಾರೋ, ಕುಡಿದು ತನ್ನದನ್ನು ವಾಪಸು ಕೇಳಿದರೆ — ಮೊಬೈಲ್ ರಿಂಗಾಗುತ್ತದೆ, ನಶೀದಾ, ಬೆರಳು ಹಸಿರು ಗುಂಡಿ ತಪ್ಪುತ್ತದೆ, ಬಾಯಿ ಒಣಗುತ್ತದೆ, ಹೃದಯ ಮಾತ್ರ ತನ್ನ ಪಾಡಿಗೆ, ಕತ್ತರಿಸಿದ ನರಗಳನ್ನು ಮರಳಿ ಹೊಲಿಯಲಾಗುವುದಿಲ್ಲವಂತೆ, ಹೆದರಿಕೆಯ ಸುದ್ದಿ ಅದಕ್ಕೆ ರಕ್ತದಲ್ಲಿ ಈಜಿಕೊಂಡೇ ತಲುಪಬೇಕು, ಮಡಿಕೇರಿಯಿಂದ ಘಟ್ಟ ಇಳಿಯುವ ಬಸ್ಸಿನ ಹಾಗೆ, ತಡವಾಗಿ. ಬೆಳ್ಯಪ್ಪನವರೇ, ಈ ಸಲ ತಕರಾರಿಲ್ಲ, ದೇಹ ಒಪ್ಪಿಕೊಂಡಿದೆ, ಮಾತ್ರೆ ತಪ್ಪಿಸಬೇಡಿ. ಆಯ್ತು ಡಾಕ್ಟ್ರೇ. ಶೀಲಾವತಿ ನನ್ನ ಮುಖ ನೋಡಿದಳು, ಜಗಲಿಯ ಕಂಬ ಹಿಡಿದು ಹಾಗೇ ಕೂತುಬಿಟ್ಟಳು, ಆಗ, ಎಲ್ಲ ಮುಗಿದ ಮೇಲೆ, ಎದೆಯಲ್ಲಿ ಧಡ್ ಧಡ್ ಧಡ್, ಸುದ್ದಿ ಈಗ ತಲುಪಿತು ನೋಡು, ಓಡಿಕೊಂಡು ಬಂತು, ಬಾಗಿಲಿನಾಚೆ ಎಲೆಯ ಮುಂದೆ ಕೂತವರೂ ಇವರೇ, ಈಚೆ ನನ್ನೊಳಗೆ ಏದುಸಿರಿನಲ್ಲಿ ಬಡಿಯುವವರೂ ಇವರೇ, ಬಾಯಾರಿರಬೇಕು — ಒಳಗೆ ಆ ಎಲೆ, ತುಂಡು ಬೆಲ್ಲ, ಚೊಂಬು, ನೀರು, ಕುಡಿಯಲಿ, ಚೊಂಬಿನ ನೀರು —