ಕೋಟಿಗೊಂದು

"ಇಲ್ಲಿ ಸಹಿ ಹಾಕಮ್ಮ," ಎಂದು ಪರಮಶಿವಯ್ಯನವರು ಹಾಳೆಯನ್ನು ಅನುಶ್ರೀಯತ್ತ ತಳ್ಳಿದರು. ಹಾಸನದ ಆ ಕಾಲೇಜಿನಲ್ಲಿ ಮೂರು ವರ್ಷದಿಂದ ಅವಳ ಪಿಎಚ್.ಡಿ. ಮಾರ್ಗದರ್ಶಕರು ಅವರು. ಸಂಶೋಧನೆಯ ವಿಷಯ ಬದಲಿಸಲು ಒಪ್ಪಿದ್ದೇನೆ ಎಂಬ ಪತ್ರ ಮೊದಲೇ ಟೈಪಾಗಿತ್ತು.

ಪರಿಶೀಲನಾ ಸಮಿತಿಯ ಷಡಕ್ಷರಿ ಕನ್ನಡಕ ಒರೆಸಿಕೊಂಡರು. "ಕಣಗಳನ್ನ ಡಿಕ್ಕಿ ಹೊಡೆಸೋಕೆ ಅಂತ ಇನ್ನೂ ಕಟ್ಟದೇ ಇರೋ ಯಂತ್ರದಲ್ಲಿ, ಇದೆಯೋ ಇಲ್ಲವೋ ಗೊತ್ತಿಲ್ಲದ್ದನ್ನ ಹುಡುಕ್ತೀಯ. ಇದಕ್ಕೆ ಡಾಕ್ಟರೇಟ್ ಬೇರೆ!"

ಬಿ ಮೆಸಾನ್ ಎಂಬ ಕಣ ಒಡೆದಾಗ ಅದರಿಂದ ಎರಡು ಟೌ ಕಣಗಳು ಹೊರಬೀಳುವುದು ಸುಮಾರು ಕೋಟಿಗೊಂದು ಸಲ. ಅದಕ್ಕಿಂತ ಹೆಚ್ಚು ಸಲ ಕಂಡರೆ, ನಮಗೆ ಗೊತ್ತಿಲ್ಲದ ಇನ್ನೇನೋ ಅಲ್ಲಿ ಕೈಯಾಡಿಸುತ್ತಿದೆ ಎಂದರ್ಥ. ಇಷ್ಟನ್ನು ಅವಳು ಆಗಲೇ ಎರಡು ಸಲ ಹೇಳಿದ್ದಳು.

"ಟೌ ಒಂದೆರಡು ಮಿಲಿಮೀಟರ್ ಹೋಗೋದ್ರೊಳಗೆ ಸತ್ತೇ ಹೋಗುತ್ತೆ ಸಾರ್. ಅದನ್ನ ಹಿಡಿಯೋ ಉಪಕರಣ ಹೇಗಿರಬೇಕು ಅಂತ ಕಟ್ಟೋಕೆ ಮುಂಚೆ ಲೆಕ್ಕ ಹಾಕಬೇಕು. ಕಟ್ಟಿದ ಮೇಲೆ ಹಾಕಿ ಏನು ಮಾಡೋದು?"

"ಅದಕ್ಕೆ ದೊಡ್ಡ ದೊಡ್ಡ ಸಂಸ್ಥೆಗಳಿವೆ. ಅರಕಲಗೂಡಿನ ಹುಡುಗಿ ಯಾಕೆ?" ಎಂದರು ಷಡಕ್ಷರಿ.

ಅನುಶ್ರೀ ಪೆನ್ನೆತ್ತಿ, ಸಹಿಯ ಗೆರೆಯ ಮೇಲೆ 'ಒಪ್ಪಿಗೆಯಿಲ್ಲ' ಎಂದು ದೊಡ್ಡದಾಗಿ ಬರೆದಳು. ಅದರ ಕೆಳಗೆ ಹೆಸರು, ತಾರೀಖು, ಊರು.

"ನೋಂದಣಿ ರದ್ದಾದ್ರೆ ನಾನೂ ಏನೂ ಮಾಡೋಕಾಗಲ್ಲ," ಪರಮಶಿವಯ್ಯ ತಗ್ಗಿದ ದನಿಯಲ್ಲಿ ಹೇಳಿದರು.

"ಆಗಲಿ ಸಾರ್. ಕಾರಣ ಮಾತ್ರ ಬರವಣಿಗೆಯಲ್ಲಿ ಕೊಡಿ."

ಹೊರಗೆ ಬೆಂಚಿನ ಮೇಲೆ ಅಪ್ಪ ಚಿಕ್ಕಯ್ಯ ಕೂತಿದ್ದ. ಹೊಗೆಸೊಪ್ಪಿನ ಗೊಬ್ಬರಕ್ಕೆಂದು ಹಾಸನಕ್ಕೆ ಬಂದವನು ಮಗಳನ್ನು ನೋಡಿ ಹೋಗಲು ಕಾದಿದ್ದ.

"ಏನಂದ್ರವ್ವ?"

"ವಿಷ್ಯ ಬದಲಾಯ್ಸು ಅಂದ್ರು. ಆಗಕಿಲ್ಲ ಅಂದೆ. ತೆಗ್ದಾಕ್ಬೋದು ಕಣಪ್ಪ."

"ಅಯ್ಯೋ, ಅವ್ರೇಳಿದಂಗೆ ಮಾಡ್ಬಾರ್ದಿತ್ತಾ? ಆ ಮಿಷನ್ನು ಬರೋದ್ಯಾವಾಗ?"

"ಇನ್ನೂ ಇಪ್ಪತ್ತು ವರ್ಸ. ಬಂದ್ಮೇಲೂ ಏನೂ ಸಿಗ್ದೆ ಇರ್ಬೋದು."

"ಇಂಗಂದ್ರೆ ಎಂಗವ್ವ?" ಚಿಕ್ಕಯ್ಯನ ದನಿ ಏರಿತು. "ಸಿಗ್ದೇ ಇರೋದಕ್ಕೆ ಇಷ್ಟೊಂದು ಜಗಳ್ವಾ?"

"ಊಂ ಕಣಪ್ಪ. ನೋಡ್ದೆ ಇಲ್ಲ ಅನ್ನೋದು ಬ್ಯಾರೆ, ನೋಡಿ ಇಲ್ಲ ಅನ್ನೋದು ಬ್ಯಾರೆ. ನೀನು ಬಸ್ಸಿಗೋಗು. ನಂಗೆ ಕೆಲ್ಸ ಅದೆ."

ಅವಳು ಲ್ಯಾಬಿಗೆ ಹೋಗಿ ಬೆಳಿಗ್ಗೆ ನಿಲ್ಲಿಸಿದ್ದ ಟೌ ಲೆಕ್ಕದ ಪ್ರೋಗ್ರಾಮನ್ನು ಮತ್ತೆ ಓಡಿಸಿದಳು. ಕಪ್ಪು ಪರದೆಯ ಮೇಲೆ ಅಂಕಿಗಳು ಏರತೊಡಗಿದವು. ಸ್ವಲ್ಪ ಹೊತ್ತಿಗೆ ಬಾಗಿಲಾಚೆ ಚಪ್ಪಲಿ ಬಿಟ್ಟ ಸದ್ದಾಯಿತು. ಚಿಕ್ಕಯ್ಯ ಒಳಗೆ ಬಂದು ಪಕ್ಕದ ಸ್ಟೂಲು ಎಳೆದುಕೊಂಡು ಕೂತ. ಎರಡೂ ಅಂಗೈಯನ್ನು ಮೊಣಕಾಲ ಮೇಲಿಟ್ಟುಕೊಂಡು ಅವನೂ ಪರದೆಯನ್ನೇ ನೋಡತೊಡಗಿದ.