ಬೂದು ಬಣ್ಣದ ಕಡ್ಡಿ

ತಗಡಿನ ಡಬ್ಬಿಯಲ್ಲಿ ಅರವತ್ತೊಂದು ಕಡ್ಡಿಗಳಿದ್ದವು. ಮಧ್ಯಾಹ್ನ ಮೂರರ ಹೊತ್ತಿಗೆ ಮೈದುನ ಇಪ್ಪತ್ತೆಂಟನೆಯದನ್ನು ಕೈಗೆತ್ತಿಕೊಂಡ, ತಂತಿಯ ಮೇಲೆ ಎರಡು ಸಲ ಆಡಿಸಿದ, ಹಲ್ಲುನೋವು ಬಂದವನ ಹಾಗೆ ಮುಖ ಮಾಡಿ ಪಕ್ಕಕ್ಕಿಟ್ಟ.

"ಇದೂ ಅಲ್ಲ ಅತ್ತಿಗೆ."

"ಅದರ ಚೀಟೀಲಿ ಏನು ಬರೆದಿದೆ?"

"'ಮಾತಾಡುತ್ತೆ' ಅಂತ ಬರೆದಿದಾನೆ ಅಣ್ಣ."

"ಮಾತಾಡ್ತಾ?"

"ಗೊಣಗುತ್ತೆ."

ವಾದ್ಯದ ಹೆಸರು ಊದ್. ಹೆಸರು ಕೇಳಿ ಊದುವ ವಾದ್ಯ ಎಂದುಕೊಂಡವರಿಗೆಲ್ಲ ಅವಳ ಗಂಡ ಬೇಸರವಿಲ್ಲದೆ ತಿಳಿಸಿ ಹೇಳುತ್ತಿದ್ದ: ಅರ್ಧ ಹೆಚ್ಚಿದ ಕುಂಬಳಕಾಯಿಯಂಥ ಹೊಟ್ಟೆ, ಗಿಡ್ಡ ಕತ್ತು, ಹನ್ನೊಂದು ತಂತಿ, ಊದುವುದಲ್ಲ, ಮೀಟುವುದು. ಮೀಟಲು ಮುಕ್ಕಾಲು ಗೇಣುದ್ದದ ತೆಳ್ಳಗಿನ ಪಟ್ಟಿಯೊಂದು ಬೇಕು. ಅದನ್ನು ಅಂಗೈಯೊಳಗೆ ಉದ್ದಕ್ಕೆ ಹಿಡಿದು, ತುದಿಯನ್ನಷ್ಟೇ ಹೊರಚಾಚಿ ನುಡಿಸಬೇಕು. ಅದಕ್ಕೆ ದೊಡ್ಡ ಹೆಸರೇನೋ ಇದೆ. ಮನೆಯಲ್ಲಿ ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಕಡ್ಡಿಯನ್ನು ಗುಡ್ಡ ಮಾಡುವುದು ಎಂದರೆ ಏನೆಂದು ಆರು ವರ್ಷದ ಸಂಸಾರದಲ್ಲಿ ಅವಳು ಕಣ್ಣಾರೆ ಕಂಡಿದ್ದಳು.

ಕೊಂಬಿನ ಕಡ್ಡಿ, ಯಾವುದೋ ದೊಡ್ಡ ಹಕ್ಕಿಯ ಗರಿಯ ಕಡ್ಡಿ, ಶಾಂಪೂ ಬಾಟಲಿಯಿಂದ ಕತ್ತರಿಸಿದ್ದು, ವಯರು ಬಿಗಿಯುವ ಪ್ಲಾಸ್ಟಿಕ್ ಪಟ್ಟಿ, ಅವಳದೇ ಬಾಚಣಿಗೆಯ ಹಲ್ಲು ಮುರಿದು, ಉಳಿದ ಬೆನ್ನನ್ನು ಉಜ್ಜಿದ್ದು. ಒಂದೊಂದಕ್ಕೂ ದಾರ ಕಟ್ಟಿದ ಚೀಟಿ. ಚೀಟಿಗಳನ್ನು ನೋಡಿ ಆರಿಸಬಹುದೆಂದು ಅವಳು ನಂಬಿದ್ದಳು. 'ಒಳ್ಳೆಯದು, ಆದರೆ ಬೇಡ.' 'ಮೋಡ ಇದ್ದ ದಿನಕ್ಕೆ.' 'ಎಸೆಯಬೇಕು', ಇಂಥವು ನಾಲ್ಕು. ಒಂದರ ಮೇಲೆ ಬರೀ 'ಹುಂ'. ಬದುಕಿದ್ದಿದ್ದರೆ ಎದುರು ಕೂರಿಸಿಕೊಂಡು 'ಹುಂ ಅಂದ್ರೇನು' ಎಂದು ಕೇಳಬಹುದಿತ್ತು. ಒಂಬತ್ತು ತಿಂಗಳ ಹಿಂದೆ, ಒಂದು ಬುಧವಾರ, ಬಸ್ಸಿನಲ್ಲಿ ಕೂತಲ್ಲೇ ಅವನ ಹೃದಯ ನಿಂತಿತ್ತು.

ಅಂದಿನಿಂದ ಯಾರು ಏನು ಹೇಳಿದರೂ ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಆಯ್ತು." ಬಟ್ಟೆ ಯಾರಿಗಾದರೂ ಕೊಡೋಣವೇ ಎಂದರೆ ಆಯ್ತು. ಅವನ ಐದು ರಚನೆಗಳ ಧ್ವನಿಮುದ್ರಣ ಹೊರಗೆ ತರೋಣ, ಮುದ್ರಣ ಅರ್ಧಕ್ಕೆ ನಿಂತ ಐದನೆಯದರ ಉಳಿದರ್ಧ ನಾನು ನುಡಿಸುತ್ತೇನೆ ಎಂದು ಮೈದುನ ಹೇಳಿದಾಗಲೂ ಆಯ್ತು.

ನುಡಿಸಲು ಅವನಿಗೆ ಬರುತ್ತಿತ್ತು. ಅಣ್ಣನ ಬಳಿಯೇ ಕಲಿತವನು. ತೊಂದರೆ ಇದ್ದದ್ದು ಅರ್ಧಕ್ಕರ್ಧ ಸೇರುವ ಜಾಗದಲ್ಲಿ. ಅಣ್ಣನದು ಮುಗಿದು ತಮ್ಮನದು ಶುರುವಾದ ಕೂಡಲೇ, ನಡೆಯುತ್ತಿದ್ದವನು ನಡುದಾರಿಯಲ್ಲಿ ಚಪ್ಪಲಿ ಬದಲಿಸಿದ ಹಾಗೆ ಕೇಳುತ್ತಿತ್ತು. ಮೊದಲರ್ಧವನ್ನು ಅಣ್ಣ ಯಾವ ಕಡ್ಡಿಯಲ್ಲಿ ನುಡಿಸಿದ್ದನೆಂದು ಅವಳಿಗೂ ಗೊತ್ತಿರಲಿಲ್ಲ, ತಮ್ಮನಿಗೂ.

"ಇಬ್ರು ಮನುಷ್ಯರು ಅಂತ ಗೊತ್ತಾಗುತ್ತೆ," ಎಂದರು ಗಾಜಿನಾಚೆ ಕೂತಿದ್ದ ಕಿವಿರಾಯರು. ಧ್ವನಿಮುದ್ರಣದ ಆ ಕೋಣೆ ಅವರದು. ಕಿವಿರಾಯರು ಎಂಬ ಹೆಸರು ಗಂಡ ಇಟ್ಟದ್ದು. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದ ಕೋಣೆಯನ್ನು ಅವರು ಖಾಲಿ ಮಾಡುತ್ತಿದ್ದರು. ಅರ್ಧ ಸಾಮಾನು ಆಗಲೇ ಪೆಟ್ಟಿಗೆ ಸೇರಿತ್ತು. "ಆರು ಗಂಟೆಗೆ ಯಂತ್ರ ಬಿಚ್ಚಬೇಕು. ಬೇರೆ ಕಡೆ ಮಾಡಿದ್ರೆ ಈ ಕೋಣೆಯ ನಾದ ಬರಲ್ಲ. ಹೊಂದಲಿಲ್ಲ ಅಂದ್ರೆ ಐದನೇದು ಬಿಟ್ಟುಬಿಡೋದು ವಾಸಿ. ಇರೋ ನಾಲ್ಕು ಚೆನ್ನಾಗೇ ಇವೆ."

ಇದಕ್ಕೂ ಆಯ್ತು ಎನ್ನಬೇಕೆಂದು ಅವಳು ಬಾಯಿ ತೆರೆದಳು. ಐದನೆಯದನ್ನು ಅವನು ಕಟ್ಟಿದ್ದು ಅಡುಗೆಮನೆಯ ಸ್ಟೂಲಿನ ಮೇಲೆ, ಅವಳ ದಾರಿಗೆ ಅಡ್ಡ ಕೂತು. "ಏಳ್ತೀಯಾ, ಕುಕ್ಕರ್ ಇಳಿಸ್ಬೇಕು" ಎಂದು ಅವಳು ಎಷ್ಟು ಸಲ ರೇಗಿದ್ದಳೋ. ಅಷ್ಟು ರೇಗಿಸಿಕೊಂಡು ಹುಟ್ಟಿದ್ದು ಅರ್ಧಕ್ಕೆ ಹೋಗುವುದೆಂದರೆ.

"ಮುಂದಿಂದು ತಗೋ," ಎಂದಳು ಮೈದುನನಿಗೆ.

ಇಪ್ಪತ್ತೊಂಬತ್ತು ಚಟಪಟ ಎಂದಿತು. ಮೂವತ್ತು ಮಂಕು. ಮೂವತ್ತೊಂದು ಒಳ್ಳೆಯದೇ, ಆದರೆ 'ಒಳಗೆ ಏನೋ ಟಿಕ್ ಟಿಕ್ ಅನ್ನುತ್ತೆ' ಎಂದು ಮೈದುನ ವಾದ್ಯಕ್ಕೇ ಕಿವಿಯಿಟ್ಟ. "ಬೀರು ಮೇಲಿಂದ ಇಳಿಸಿದಾಗಿಂದ ಹೀಗೇ. ಒಳಗಡೆ ಅಂಟು ಬಿಟ್ಟಿರ್ಬೇಕು."

"ಕುಣಿಯಲಾರದವಳಿಗೆ ನೆಲ ಡೊಂಕು," ಎಂದರು ಕಿವಿರಾಯರು, ಯಾರಿಗೂ ಅಲ್ಲವೆಂಬಂತೆ.

ಫೋನು ಬಡಿದುಕೊಂಡಿತು. ಅತ್ತೆ. ಬೆಳಗಿನಿಂದ ಇದು ಐದನೆಯ ಸಲ.

"ಸಿಕ್ತೇನಮ್ಮ?"

"ಇಲ್ಲ ಅತ್ತೆ."

"ಉಗುರಲ್ಲಿ ನುಡಿಸು ಅನ್ನು ಅವನಿಗೆ. ದೊಡ್ಡೋನು ಚಿಕ್ಕೋನಿದ್ದಾಗ ಪೊರಕೆ ಕಡ್ಡೀಲಿ ನುಡಿಸ್ತಿದ್ದ. ಆಗ ಯಾರೂ ಹೊಂದಲ್ಲ ಅಂದಿರಲಿಲ್ಲ."

"ಆಯ್ತು ಅತ್ತೆ."

"ಏನು ಆಯ್ತು? ಬರೀ ಆಯ್ತು ಅಂತೀಯ, ಆಗೋದು ಏನೂ ಕಾಣೆ."

ಫೋನು ಇಟ್ಟು ಅವಳು ಗೋಡೆಗೊರಗಿದಳು. ಇದರಲ್ಲಿ ಅವಳಿಗೆ ಉರಿಯುತ್ತಿದ್ದ ಸಂಗತಿ ಬೇರೆಯೇ ಇತ್ತು. ಅವಳ ಕೆಲಸವೇ ಪ್ಲಾಸ್ಟಿಕ್ ಪರೀಕ್ಷೆಯದು. ನೀರಿನ ಟ್ಯಾಂಕು, ಔಷಧಿ ಡಬ್ಬಿ ಮಾಡುವವರು ಕಳಿಸಿದ ಹಾಳೆಯ ಮೇಲೆ ಒಂದರಿಂದ ಹತ್ತು ಅಂಕಿ ಬರೆದು, ಹತ್ತು ಪಟ್ಟಿಯಾಗಿ ಕತ್ತರಿಸಿ ತರಿಸಿ, ಒಂದೊಂದನ್ನೇ ಯಂತ್ರದ ದವಡೆಗೆ ಕೊಟ್ಟು, ಹರಿಯುವ ತನಕ ಎಳೆದು, ಎಷ್ಟಕ್ಕೆ ಹರಿಯಿತೆಂದು ಬರೆಯುವುದು. ಯಾವುದು ಎಷ್ಟು ಬಾಗುತ್ತದೆ, ಎಷ್ಟು ಬೇಗ ನೆಟ್ಟಗಾಗುತ್ತದೆ ಎಂಬುದು ಅವಳಿಗೆ ಬೆರಳ ತುದಿಯಲ್ಲಿತ್ತು. "ಎಷ್ಟು ದಪ್ಪ, ಎಷ್ಟು ಗಡಸು ಬೇಕು ಹೇಳು, ಆರಿಸಿಕೊಡ್ತೀನಿ" ಎಂದು ಗಂಡನಿಗೆ ಎಷ್ಟೋ ಸಲ ಹೇಳಿದ್ದಳು. "ಕಡ್ಡಿ ಲೆಕ್ಕಕ್ಕೆ ಸಿಗಲ್ಲ ಕಣೇ" ಎಂದು ಅವನು ನಕ್ಕುಬಿಡುತ್ತಿದ್ದ.

ಪ್ರಯೋಗಾಲಯದಲ್ಲೂ ಅವಳಿಗೆ ನೆಮ್ಮದಿಯೇನು ಕುಣಿದಾಡುತ್ತಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಒಂದು ಹಾಳೆಯ ಹತ್ತು ಪಟ್ಟಿಗಳಲ್ಲಿ ಏಳನೆಯದು ಕಾಣೆಯಾಗಿತ್ತು. ಕತ್ತರಿಸಿ ಕೊಟ್ಟವರು ಕಟಿಂಗ್ ಮೇಷ್ಟ್ರು. ಮೂವತ್ತು ವರ್ಷ ಅದೇ ಬ್ಲೇಡಿನ ಮುಂದೆ ನಿಂತವರು. "ಹತ್ತು ಕೊಟ್ಟಿದೀನಮ್ಮ, ನನ್ನ ಕೈಯಾರೆ" ಎಂದರು. ಒಂಬತ್ತೇ ಬಂದದ್ದು ಎಂದು ಇವಳು. ಮಾತಿಗೆ ಮಾತು ಬೆಳೆದು, 'ಕಟಿಂಗ್ ವಿಭಾಗದ ಅಜಾಗರೂಕತೆ' ಎಂದು ದಾಖಲೆ ಪುಸ್ತಕದಲ್ಲಿ ಬರೆದಳು. ಅಲ್ಲಿಂದ ಮೇಷ್ಟ್ರು ಮಾತು ಬಿಟ್ಟರು. ಪಟ್ಟಿಗಳನ್ನು ತಟ್ಟೆಯಲ್ಲಿ ತಂದಿಡುವರು, ಮೇಲೆ 'ಹತ್ತು' ಎಂದು ಬರೆದ ಚೀಟಿ ಇಡುವರು, ಗಂಟಲು ಸರಿಮಾಡಿಕೊಂಡು ಹೋಗುವರು. ಆಗೆಲ್ಲ ರಾತ್ರಿ ಊಟಕ್ಕೆ ಕೂತಾಗ ಅವಳದು ಇದೇ ಗೋಳು. ಗಂಡ ತಲೆ ತಗ್ಗಿಸಿ ಕೇಳಿ, "ಪಾಪ, ವಯಸ್ಸಾಯ್ತಲ್ಲ, ಎಣಿಸೋದು ತಪ್ಪಿರ್ಬೇಕು ಬಿಡು" ಎನ್ನುತ್ತಿದ್ದ.

ನಾಲ್ಕೂವರೆಗೆ ಡಬ್ಬಿ ಖಾಲಿಯಾಯಿತು. ಅರವತ್ತೊಂದೂ ಅಲ್ಲ.

ಕಿವಿರಾಯರು ಒಳಬಂದು ಮೇಜಿನ ಮೇಲಿದ್ದ ರಾಶಿಯನ್ನು ಬೆರಳಿನಿಂದ ಹರಡಿದರು. "ಇದರಲ್ಲಿ ಬೂದು ಬಣ್ಣದ್ದು ಎಲ್ಲಿ? ಕೊನೇ ಸಲ ಬಂದಾಗ ಅವರ ಕೈಲಿದ್ದದ್ದು ಬೂದು. ಮುಚ್ಚಿ ಹಿಡ್ಕೊಂಡಿದ್ರು. 'ಏನ್ರೀ ಅದು' ಅಂದ್ರೆ, 'ಮನೇಲಿ ಹೇಳ್ಬೇಡಿ' ಅಂದ್ರು."

"ಏನು ಹೇಳ್ಬೇಡಿ ಅಂದ್ರು?" ಅವಳು ಕೇಳಿದಳು.

"ಅದನ್ನ ಹೇಳ್ಲಿಲ್ಲ. ಅದಕ್ಕೇ ನಾನೂ ಹೇಳ್ಲಿಲ್ಲ."

"ಬೆಳಗಿನಿಂದ ಇಲ್ಲೇ ಕೂತಿದೀರಲ್ಲ."

"ಡಬ್ಬೀಲಿ ಇರುತ್ತೆ ಅಂದ್ಕೊಂಡೆ."

ಬೂದು ಡಬ್ಬಿಯಲ್ಲಿರಲಿಲ್ಲ. ಆಗ ಅವಳಿಗೆ ನೆನಪಾಯಿತು. ಮೊದಲರ್ಧ ಮುಗಿಸಿ ಬಂದ ವಾರ ಅವನು ಕಡ್ಡಿ ಕಳೆದಿದೆಯೆಂದು ಮನೆಯನ್ನು ತಲೆಕೆಳಗು ಮಾಡಿದ್ದ. ಹಾಸಿಗೆ ಎತ್ತಿದ, ಅಕ್ಕಿ ಡಬ್ಬಿಗೂ ಕೈ ಹಾಕಿದ. "ಹೇಗಿತ್ತು ಹೇಳು, ನಾನೂ ಹುಡುಕ್ತೀನಿ" ಎಂದರೆ, "ಹೇಗೋ ಇತ್ತು" ಎಂದ. ಉಳಿದರ್ಧದ ಧ್ವನಿಮುದ್ರಣವನ್ನು ಒಂದು ವಾರ ಮುಂದೂಡಿದ, ಮತ್ತೊಂದು ವಾರ ಮುಂದೂಡಿದ. ಮೂರನೆಯ ವಾರ ಆ ಬುಧವಾರ ಬಂತು.

"ಇಲ್ಲಿ ಕೊಡು," ಎಂದು ಮೈದುನನ ತೊಡೆಯಿಂದ ವಾದ್ಯವನ್ನು ಎತ್ತಿಕೊಂಡಳು.

"ಅತ್ತಿಗೆ, ನಿಧಾನ, ಅಂಟು ಬಿಟ್ಟಿದೆ."

"ಅಂಟೂ ಇಲ್ಲ, ನಂಟೂ ಇಲ್ಲ. ಅವರು ನುಡಿಸೋದು ನಿಲ್ಲಿಸಿದಾಗ ಕಡ್ಡೀನ ಎಲ್ಲಿಡ್ತಿದ್ರು?"

"ತಂತಿ ಕೆಳಗೆ ಸಿಕ್ಕಿಸ್ತಿದ್ದ." ಹೇಳುತ್ತಲೇ ಮೈದುನನ ಕಣ್ಣು ತಂತಿಯ ಕೆಳಗೆ, ವಾದ್ಯದ ಹೊಟ್ಟೆಯ ತೂತಿಗೆ ಹಾಕಿದ ಜಾಲರಿಗೆ ಹೋಯಿತು. ಮರದ ಆ ಜಾಲರಿಯ ಒಂದು ದಳ ಮುರಿದು ಎರಡು ವರ್ಷವಾಗಿತ್ತು.

ವಾದ್ಯವನ್ನು ಬೋರಲು ಮಾಡಿ, ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿದಳು. ಟಿಕ್ ಎಂದಿತು. ಓರೆ ಮಾಡಿದಳು. ಮುರಿದ ದಳದ ಸಂದಿಯಲ್ಲಿ ಬೂದು ತುದಿಯೊಂದು ಇಣುಕಿತು. ಮೈದುನ ಎರಡು ಬೆರಳು ಹಾಕಿ ಎಳೆದ.

ಒಂದು ತುದಿಯನ್ನು ನಯವಾಗಿ ಉಜ್ಜಲಾಗಿತ್ತು. ಇನ್ನೊಂದು ತುದಿಯಲ್ಲಿ ಕಪ್ಪು ಶಾಯಿ, ಅರ್ಧ ಅಳಿಸಿದ್ದು: ಏಳು. ಏಳರ ಅಂಕಿಯನ್ನು ಹಾಗೆ ಬಾಲ ಎಳೆದು ಬರೆಯುವವಳು ಅವಳೊಬ್ಬಳೇ.

ಏಳನೆಯ ಪಟ್ಟಿ ಕಾಣೆಯಾದ ದಿನ ಅವಳು ಊಟದ ಡಬ್ಬಿ ಮನೆಯಲ್ಲೇ ಮರೆತಿದ್ದಳು. ಅವನು ತಂದುಕೊಟ್ಟು, ಅವಳ ಮೇಜಿನ ಹತ್ತಿರ ಹತ್ತು ನಿಮಿಷ ಕಾದಿದ್ದ. ಹೋಗುವಾಗ ಸುಮ್ಮಸುಮ್ಮನೆ ನಗುತ್ತಿದ್ದ.

"ಕಳ್ಳ," ಎಂದಳು.

"ನಾನೇನು ಮಾಡ್ದೆ ಅತ್ತಿಗೆ?"

"ನೀನಲ್ಲ, ನಿಮ್ಮಣ್ಣ. ಒಂದು ಮಾತು ಬಾಯಿ ಬಿಟ್ಟಿದ್ರೆ ಮಾರನೇ ದಿನವೇ ಇಂಥದು ಇನ್ನೊಂದು ತಂದುಕೊಡ್ತಿದ್ದೆ. ಅವರೇ ಮುಗಿಸ್ತಿದ್ರು. ಅಕ್ಕಿ ಡಬ್ಬೀಲಿ ಹುಡುಕಿದ್ರು, ಹೇಳ್ಲಿಲ್ಲ. ಮೇಷ್ಟ್ರಿಗೆ ವಯಸ್ಸಾಯ್ತು ಅಂದ್ರು, ನನ್ನ ಎದುರು ಕೂತು, ನಾನು ಬಡಿಸಿದ್ದು ತಿಂತಾ." ವಾದ್ಯವನ್ನು ಮೈದುನನ ತೊಡೆಗೆ ಮರಳಿಸಿದಳು. ಇಬ್ಬರೂ ಗಂಡಸರು ನೆಲ ನೋಡಿದರು. "ಏನು ನೋಡ್ತಾ ಕೂತಿದೀಯ, ನುಡಿಸು. ಆರು ಗಂಟೆ ನಮಗೋಸ್ಕರ ಕಾಯುತ್ತಾ?"

ಅವನು ನುಡಿಸಿದ. ಮೊದಲ ಸಲ ಎಡವಿದ. ಎರಡನೆಯ ಸಲ ಕಿವಿರಾಯರು ಗಾಜಿನಾಚೆ ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಮೇಲೆ ಎರಡು ಅರ್ಧಗಳನ್ನೂ ಸೇರಿಸಿ ಕೇಳಿಸಿದರು. ಸೇರುವ ಜಾಗ ಬರುತ್ತದೆ ಬರುತ್ತದೆ ಎಂದು ಅವಳು ಕಾದಳು. ಅದು ಎಲ್ಲಿ ದಾಟಿಹೋಯಿತೋ ತಿಳಿಯಲಿಲ್ಲ. ಅಡುಗೆಮನೆಯ ಸ್ಟೂಲಿನ ಮೇಲಿಂದ ಯಾರೋ ಎದ್ದು ದಾರಿ ಬಿಟ್ಟ ಹಾಗೆ ರಚನೆ ಮುಗಿಯಿತು.

"ಇಷ್ಟೇ ನೋಡಿ ಬೇಕಾಗಿದ್ದದ್ದು," ಎಂದರು ಕಿವಿರಾಯರು, ತಾವೇ ಹುಡುಕಿಕೊಟ್ಟವರಂತೆ.

ಹೊರಡುವಾಗ ಮೈದುನ ಕಡ್ಡಿಯನ್ನು ಜೇಬಿಗಿಳಿಸುತ್ತ, "ಅತ್ತಿಗೆ, ಇದು ನನ್ನ ಹತ್ರ ಇರಲಾ?" ಎಂದ.

ಒಂಬತ್ತು ತಿಂಗಳಲ್ಲಿ ಮೊದಲ ಸಲ ಅವಳು ಕಡ್ಡಿ ಮುರಿದಂತೆ ಹೇಳಿದಳು: "ಆಗಲ್ಲ. ಅದು ಕಚೇರೀದು."

ಸೋಮವಾರ ಬೆಳಿಗ್ಗೆ ಕಟಿಂಗ್ ಮೇಷ್ಟ್ರು ಬ್ಲೇಡು ಒರೆಸುತ್ತಿದ್ದಾಗ ಅವಳು ಅವರ ಮುಂದೆ ತಟ್ಟೆಯಿಟ್ಟಳು. ತಟ್ಟೆಯಲ್ಲಿ ಒಂದೇ ಪಟ್ಟಿ. ಅದರ ಮೇಲೆ ಅವಳ ಕೈಬರಹದ ಚೀಟಿ: 'ಹತ್ತು.'

ಮೇಷ್ಟ್ರು ಚೀಟಿ ಓದಿದರು. ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು, ದಪ್ಪ ಅಳೆಯುವ ಗೇಜಿಗೆ ಕೊಟ್ಟು ನೋಡಿದರು, ಕೊನೆಗೆ ಅಂಕಿ ನೋಡಿದರು.

"ಎಲ್ಲಿತ್ತು?"

"ನನ್ನ ಗಂಡ ತಗೊಂಡು ಹೋಗಿದ್ರು. ವಾದ್ಯ ನುಡಿಸೋಕೆ. ಮೊನ್ನೆ ಗೊತ್ತಾಯ್ತು. ಪುಸ್ತಕದಲ್ಲಿ ಆ ಸಾಲು ಹೊಡೆದುಹಾಕಿ, ತಪ್ಪು ನನ್ನದು ಅಂತ ಬರೆದಿದೀನಿ."

ಮೇಷ್ಟ್ರು ಉಜ್ಜಿದ ತುದಿಯ ಮೇಲೆ ಹೆಬ್ಬೆರಳಾಡಿಸಿದರು.

"ಕೈ ಚೆನ್ನಾಗಿತ್ತು ಅವರದು. ಕೇಳಿದ್ರೆ ನಾನೇ ಕೊಡ್ತಿದ್ದೆ."

"ನಾನೂ ಕೊಡ್ತಿದ್ದೆ," ಎಂದಳು. ಮತ್ತೆ ಸಿಟ್ಟು ಬಂತು. ಅದರ ಹಿಂದೆಯೇ ಇನ್ನೇನೋ ಬರುವುದರಲ್ಲಿತ್ತು, ಅವಳು ತಟ್ಟೆಯ ಅಂಚನ್ನು ಹಿಡಿದು ನಿಂತಳು. "ಮೇಷ್ಟ್ರೇ, ಈ ಹಾಳೆ ಚೂರು ಏನಾದ್ರೂ ಉಳಿದಿದ್ರೆ ಇಂಥದೇ ಇನ್ನೊಂದು ಬೇಕಿತ್ತು. ಮೈದುನನಿಗೆ."

"ಒಂದು ಕೊಡಲ್ಲ."

ಅವಳು ತಲೆಯೆತ್ತಿದಳು.

"ಒಂದು ಕೊಟ್ರೆ ಅರ್ಧ ಬಂತು ಅಂತ ಬರೀತೀರಿ. ಎರಡು ಕೊಡ್ತೀನಿ. ನನ್ನ ಎದುರೇ ಎಣಿಸಿ, ಸಹಿ ಹಾಕಿ ತಗೊಂಡು ಹೋಗಿ."

ಮೇಷ್ಟ್ರು ರದ್ದಿಯ ಪೆಟ್ಟಿಗೆಯಿಂದ ಬೂದು ಹಾಳೆಯ ತುಂಡೊಂದನ್ನು ಹುಡುಕಿ ತೆಗೆದರು. ಬ್ಲೇಡು ಎರಡು ಸಲ ಇಳಿಯಿತು. ಅವಳು ಎಣಿಸಿದಳು, ಗಟ್ಟಿಯಾಗಿ, ಒಂದು, ಎರಡು ಎಂದು, ಮತ್ತು ಸಹಿ ಹಾಕಿದಳು.